ಬೆಟ್ಟ ಹತ್ತೋದು ಪೇಟೆಯವರ ಶೋಕಿಯೇ?

ಬೆಟ್ಟ ಹತ್ತುವುದು ಕೆಲಸವಿಲ್ಲದವರ ಕೆಲಸ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಈಚೆಗೆ ಜಾಸ್ತಿಯಾಗಿದೆ. ಭಾನುವಾರ ಬಂತೆಂದರೆ ಬೆಂಗಳೂರು, ಮೈಸೂರಿನ ಹುಡುಗರು ಹುಡುಗಿಯರು ಬೆನ್ನಿಗೊಂದು ಚೀಲ ಹಾಕಿಕೊಂಡು ಯಾವುದಾದರೂ ಗುಡ್ಡ ಹುಡುಕಿಕೊಂಡು ಹೊರಡುತ್ತಾರೆ. ಚಾರಣ ಅಂತ ಅದರ ಹೆಸರು. "ಒಂದಿನ ನಮ್ಮ ಹೊಲದಲ್ಲಿ ಕಳೆ ಕೀಳಲಿ ಕಣಣ್ಣ, ಬೆಟ್ಟದ ಆಸೆ ಬಿಟ್ಟೋಯ್ತದೆ" ಎಂದು ನಮ್ಮವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಬೆಟ್ಟ ಹತ್ತುವುದು ಮೊದಲಿನಿಂದ ನಮ್ಮ ರೂಢಿ. ನಾವು ಬಿಡುತ್ತಿದ್ದೇವೆ, ಅವರು ಹಿಡಿಯುತ್ತಿದ್ದಾರೆ. ಪೂರ್ತಿ ಬಿಟ್ಟ ದಿನ ಬೆಟ್ಟದ ವಿಷಯದಲ್ಲಿ ನಮ್ಮನ್ನು ಯಾರೂ ಮಾತು ಕೇಳುವುದಿಲ್ಲ.

ನಾನು ಮುಡುಕುತೊರೆ ಕಡೆಯವನು. ನಮ್ಮ ಬೆಟ್ಟ ದೊಡ್ಡದೇನಲ್ಲ. ಅದರ ಬುಡದಲ್ಲಿ ಕಾವೇರಿ ತಿರುವು ತಗೊಳ್ತಾಳೆ, ಆ ತಿರುವಿನಿಂದಲೇ ಊರಿಗೆ ಹೆಸರು ಬಂತು ಅಂತಾರೆ ಹಿರಿಯರು. ಮೇಲೆ ಮಲ್ಲಿಕಾರ್ಜುನಸ್ವಾಮಿ. ತಲಕಾಡಿನ ಪಂಚಲಿಂಗಗಳಲ್ಲಿ ಇವನೂ ಒಬ್ಬ. 2009, 2013, 2020ರಲ್ಲಿ ಪಂಚಲಿಂಗ ದರ್ಶನ ನಡೆದಾಗ ನಾಡೆಲ್ಲ ಈ ಕಡೆ ತಿರುಗಿ ನೋಡಿತು. ನಮಗೆ ಮಾತ್ರ ವರ್ಷವರ್ಷದ ಜಾತ್ರೆಯೇ ದೊಡ್ಡದು. ರಾಗಿ ಒಕ್ಕಣೆ ಮುಗಿದು, ಹುರುಳಿ ಮನೆಗೆ ಬಂದ ಮೇಲೆ ದನಗಳ ಜಾತ್ರೆ. ಹಳ್ಳಿಕಾರ್ ಎತ್ತಿನ ಜೋಡಿಗಳನ್ನು ಬೆಟ್ಟದ ತಪ್ಪಲಲ್ಲಿ ಕಟ್ಟಿ, ಅಲ್ಲೇ ಒಲೆ ಹೂಡಿ, ವ್ಯಾಪಾರದ ನಡುವೆ ಮೆಟ್ಟಿಲು ಹತ್ತಿ ಬರುತ್ತಿದ್ದೆವು. ಮಳೆ ನಂಬಿದ ಬೇಸಾಯಗಾರನಿಗೆ ಬಿಡುವು ಅಂತ ಇರುವುದೇ ಸುಗ್ಗಿ ಕಳೆದು ಉಗಾದಿಯ ಉಳುಮೆ ಬರುವ ತನಕ. ನಮ್ಮ ಜಾತ್ರೆ, ಪರಿಷೆ, ಬೆಟ್ಟದ ಹರಕೆ ಬಹಳಷ್ಟು ಅದೇ ತಿಂಗಳುಗಳಲ್ಲಿ ಬೀಳುವುದು ಸುಮ್ಮನೆ ಅಲ್ಲ.

ದೇವರ ಮಾತು ಬದಿಗಿರಲಿ. ಬೆಟ್ಟದ ಮೇಲೆ ನಿಂತರೆ ರೈತನ ಕಣ್ಣಿಗೆ ಏನು ಕಾಣುತ್ತದೆ ನೋಡಿ. ಕೆಳಗೆ ಮಾಧವಮಂತ್ರಿ ಕಾಲುವೆಯ ನೀರು ಹೋದ ಕಡೆಯೆಲ್ಲ ಹಸಿರು ಗದ್ದೆ. ಅದರ ಮೇಲ್ಗಡೆ, ನೀರು ಹತ್ತದ ಕಡೆ, ನಮ್ಮಂಥವರ ಕೆಂಪು ಹೊಲ. ಆ ಕಡೆ ತಲಕಾಡಿನ ಮರಳು. ನನ್ನದು ಮೂರು ಎಕರೆ ಬೆದ್ದಲು. ದಿನಾ ಅದರಲ್ಲೇ ಓಡಾಡುವವನಿಗೆ ಅದು ಮಟ್ಟಸವಾಗಿ ಕಾಣುತ್ತದೆ. ಮೇಲಿಂದ ನೋಡಿದರೆ ಯಾವ ಕಡೆಗೆ ಇಳಿಜಾರು, ಮಳೆ ನೀರು ಯಾರ ಹೊಲದಿಂದ ಯಾರ ಹೊಲಕ್ಕೆ ನುಗ್ಗುತ್ತದೆ, ಯಾರ ಬದು ಒಡೆದಿದೆ, ಯಾವ ಹಳ್ಳ ಕಿರಿದಾಗಿದೆ ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಮಳೆ ನಿಂತ ಮಾರನೆ ದಿನ ಹತ್ತಿದರಂತೂ ಎಲ್ಲಿ ನೀರು ನಿಂತಿದೆ, ಎಲ್ಲಿ ಮಣ್ಣು ಕೊಚ್ಚಿ ಹೋಗಿದೆ ಎಂದು ಬೆರಳಿಟ್ಟು ತೋರಿಸಬಹುದು. ನನ್ನ ಹೊಲದ ಅಡ್ಡ ಬದುಗಳನ್ನು ಎಲ್ಲಿ ಹಾಕಿಸಬೇಕು ಎಂದು ನಾನು ತೀರ್ಮಾನಿಸಿದ್ದು ಬೆಟ್ಟದ ಮೇಲೆ ಕೂತೇ. ಡ್ರೋನು ಬಂದಿದೆ ಅಂತಾರೆ, ಬರಲಿ. ಕಾಲಿಗೆ ಬಾಡಿಗೆ ಕೊಡಬೇಕಾಗಿಲ್ಲ.

ಹತ್ತುವ ದಾರಿಯಲ್ಲಿ ಕಾರೆ ಹಣ್ಣು, ಎಲಚಿ ಹಣ್ಣು ಕಿತ್ತು ತಿನ್ನುತ್ತಿದ್ದೆವು. ಈಗಿನ ಮಕ್ಕಳಿಗೆ ಕಾರೆ ಗಿಡ ಗುರುತೇ ಇಲ್ಲ.

ಮಲೆ ಮಹದೇಶ್ವರನ ಬೆಟ್ಟಕ್ಕೆ ಹೋಗುವುದಂತೂ ನಮ್ಮ ಭಾಗದವರ ದೊಡ್ಡ ನಡಿಗೆ. ಕೊಳ್ಳೇಗಾಲ, ಹನೂರು, ಕೌದಳ್ಳಿ ದಾಟಿ ತಾಳುಬೆಟ್ಟ. ಅಲ್ಲಿಂದ ಮಲೆ ಹತ್ತಬೇಕು. ಶಿವರಾತ್ರಿ, ಉಗಾದಿಗೆ ಹೆಗಲ ಮೇಲೆ ಗಂಟು ಹಾಕಿಕೊಂಡು ಹೆಂಗಸರು ಮಕ್ಕಳು ಎಲ್ಲ ನಡೆಯುತ್ತಾರೆ. ದಾರಿಯುದ್ದಕ್ಕೂ ಪಾನಕ, ಮಜ್ಜಿಗೆ ಕೊಡುವ ರೈತರಿದ್ದಾರೆ. ಇದು ಚಾರಣ ಅಲ್ವೆ? ಬೂಟು ಇಲ್ಲ, ಅಷ್ಟೇ ವ್ಯತ್ಯಾಸ. ದಣಿವಾದರೂ ಮೈ ಹಗುರ, ಮನಸ್ಸು ಹಗುರ. ಮೇಲೆ ತಂಗಾಳಿ ಬೀಸಿದಾಗ ಸಾಲ, ಸೊಸೈಟಿ ಒಂದೂ ನೆನಪಾಗುವುದಿಲ್ಲ. ಇಷ್ಟು ಸುಖ ಪಡುವುದಕ್ಕೆ ರೈತ ನಾಚಿಕೊಳ್ಳಬೇಕೆ?

ಈಗ ನಮ್ಮವರಿಗೂ ಮೇಲಿನ ತನಕ ಗಾಡಿ ಹೋಗಬೇಕು. ಚಾಮುಂಡಿ ಬೆಟ್ಟ ನೋಡಿ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಸಾವಿರ ಮೆಟ್ಟಿಲು ಕಟ್ಟಿಸಿದರು. ಅವು ಇಂದಿಗೂ ಇವೆ. ಕಾರಿಗಾಗಿ ಮಾಡಿದ ರಸ್ತೆ 2021ರ ಅಕ್ಟೋಬರಿನ ಮಳೆಗೆ ನಂದಿಯ ಕಡೆ ಕುಸಿಯಿತು. ಮರುವರ್ಷ ರೋಪ್‌ವೇ ಹಾಕುವ ಮಾತೆದ್ದಿತು, ಮೈಸೂರಿನ ಜನ ಬೇಡವೆಂದ ಮೇಲೆ ಕೈಬಿಟ್ಟರು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ವಾಹನ ಬಿಡದೆ ಸರ್ಕಾರಿ ಬಸ್ಸು ಮಾತ್ರ ಬಿಟ್ಟದ್ದು ಒಳ್ಳೆಯದೇ ಆಯಿತು. ಮುದುಕರಿಗೆ, ಕೈಲಾಗದವರಿಗೆ ಅನುಕೂಲ ಬೇಕು, ಒಪ್ಪುತ್ತೇನೆ. ಅದಕ್ಕೆ ಒಂದು ಬಸ್ಸು ಸಾಕು. ಕಾಲುದಾರಿ ಮುಚ್ಚಿಹೋಗಲು ಬಿಡಬಾರದು.

ಇನ್ನು ಪೇಟೆಯಿಂದ ಬರುವವರ ವಿಷಯ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತಕ್ಕೆ ಸಾವಿರಾರು ಜನ ಒಟ್ಟಿಗೇ ನುಗ್ಗಿದರು. ಅದಾದ ಮೇಲೆ ಸರ್ಕಾರ ಚಾರಣ ನಿಲ್ಲಿಸಿ, ಅದೇ ವರ್ಷ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ಜಾಲತಾಣ ಮಾಡಿತು. ಮೊದಲೇ ಟಿಕೆಟ್ ಮಾಡಿಸಬೇಕು, ಒಂದು ದಾರಿಗೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿ. ಸರಿಯಾದ ಕ್ರಮ. ಮಾರನೆ ವರ್ಷ, 2025ರ ಜೂನಿನಲ್ಲಿ, ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ವಿಷ ಹಾಕಿದ ದನದ ಹೆಣ ತಿಂದು ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತವು. ವಿಷ ಹಾಕಿದ್ದು ಪಾಪದ ಕೆಲಸ, ಅದಕ್ಕೆ ಎರಡು ಮಾತಿಲ್ಲ. ಆದರೆ ಮರು ತಿಂಗಳೇ ಕಾಡಿನಲ್ಲಿ ದನ ಮೇಯಿಸುವುದನ್ನೇ ನಿಲ್ಲಿಸಬೇಕೆಂದು ಅರಣ್ಯ ಮಂತ್ರಿಗಳು ಹೇಳಿದರು. ಎರಡನ್ನೂ ಜೊತೆಗಿಟ್ಟು ನೋಡಿ. ನಡೆದು ನೋಡಿ ಹೋಗುವವನಿಗೆ ಟಿಕೆಟ್ ಸಿಗುತ್ತದೆ. ನಾಲ್ಕು ದನ ಹೊಡೆದುಕೊಂಡು ಅದೇ ದಾರಿ ಸವೆಸಿದವನಿಗೆ ಗೇಟು. ಆ ಕಾಲುದಾರಿ ಮಾಡಿದ್ದು ಯಾರು? ದನಗಾಹಿಯ ಕಾಲು, ದನದ ಗೊರಸು.

ನಡೆಯುವವರೂ ಮೇಯಿಸುವವರೂ ಒಂದೇ ಬೆಟ್ಟದಲ್ಲಿ ಬಾಳಲಾಗದು ಅನ್ನೋದು ಸುಳ್ಳು. ಸ್ಪೇನ್ ದೇಶದ ಉತ್ತರಕ್ಕೆ ಬಾಸ್ಕ್ ನಾಡು ಅಂತ ಇದೆ. ಮಗ ಫೋನಿನಲ್ಲಿ ಅಲ್ಲಿನ ಬೆಟ್ಟಗಳನ್ನು ತೋರಿಸಿ ವಿವರ ಓದಿ ಹೇಳಿದ. ಗೊರ್ಬೆಯಾ ಎಂಬ ಬೆಟ್ಟ 1482 ಮೀಟರ್, ಹೆಚ್ಚುಕಮ್ಮಿ ನಮ್ಮ ಗೋಪಾಲಸ್ವಾಮಿ ಬೆಟ್ಟದಷ್ಟೇ ಎತ್ತರ. ತುದಿಯಲ್ಲಿ ಕಬ್ಬಿಣದ ದೊಡ್ಡ ಶಿಲುಬೆ. ಹೊಸ ವರ್ಷಕ್ಕೆ ಊರೂರಿನ ಜನ ಹತ್ತುತ್ತಾರಂತೆ, ನಮ್ಮ ಜಾತ್ರೆ ಹಾಗೇ. ಅದೇ ಬೆಟ್ಟಗಳ ಹುಲ್ಲುಗಾವಲಿಗೆ ಬೇಸಿಗೆಯಲ್ಲಿ ಲಾಚಾ ಎಂಬ ತಳಿಯ ಕುರಿ ಹೊಡೆಯುತ್ತಾರೆ. ಅದರ ಹಾಲಿನಿಂದ ಇಡಿಯಾಸಬಾಲ್ ಎಂಬ ಚೀಸ್ ಮಾಡಿ ಒಳ್ಳೆ ಬೆಲೆಗೆ ಮಾರುತ್ತಾರೆ. ಕುರಿ ಮೇಯ್ತಾ ಇರ್ತವೆ, ನಡೆಯುವವರು ಪಕ್ಕದಲ್ಲೇ ಹೋಗ್ತಾ ಇರ್ತಾರೆ. ಅಲ್ಲಿ ಹುಲಿ, ಆನೆ ಇಲ್ಲ ನಿಜ. ನಮ್ಮ ಮುಡುಕುತೊರೆಯಂಥ ಊರ ಬೆಟ್ಟಗಳಲ್ಲೂ ಹುಲಿ, ಆನೆಯ ಬೀಡಿಲ್ಲವಲ್ಲ! ಬಂಡೂರು ಕುರಿಯಂಥ ತಳಿ ಇಟ್ಟುಕೊಂಡು ನಾವು ಅದನ್ನು ಸಂತೆಯಲ್ಲಿ ಬಿಟ್ಟರೆ ಬೇರೆಲ್ಲೂ ತೋರಿಸಿಲ್ಲ.

ಹಾಗಂತ ಬಂದವರು ಮಾಡುವ ಉಪದ್ರವ ಸಣ್ಣದಲ್ಲ. ತಿಂಡಿ ಪೊಟ್ಟಣ, ನೀರಿನ ಬಾಟ್ಲಿ ಎಸೆದು ಹೋಗ್ತಾರೆ. ಉಪ್ಪಿನ ರುಚಿ ಹತ್ತಿದ ಪ್ಲಾಸ್ಟಿಕ್ಕನ್ನು ದನ ನುಂಗದೆ ಬಿಡುವುದಿಲ್ಲ. ನೆರೆಯವರ ಒಂದು ಕರೆಯುವ ಹಸು ಹೊಟ್ಟೆ ಉಬ್ಬರಿಸಿ ಸತ್ತಾಗ ಕೊಯ್ದು ನೋಡಿದರೆ ಒಂದು ಪುಟ್ಟಿ ತುಂಬುವಷ್ಟು ಪ್ಲಾಸ್ಟಿಕ್. ಜಾತ್ರೆಯ ಕಸವೂ ಅದರಲ್ಲಿ ಸೇರಿರುತ್ತದೆ, ಪೇಟೆಯವರನ್ನು ಮಾತ್ರ ದೂರುವ ಹಾಗಿಲ್ಲ. ಫಾಲ್ಗುಣದಲ್ಲಿ ಒಂದು ಬೀಡಿ ತುಂಡು ಬಿದ್ದರೆ ಬಾದೆ ಹುಲ್ಲು ಪೂರಾ ಉರಿದು, ಬೇಸಿಗೆಯ ಮೇವು ಹೋಗುತ್ತದೆ.

ಇದಕ್ಕೆ ಗೇಟು ಹಾಕಿ ಬೀಗ ಜಡಿಯುವುದು ಮದ್ದಲ್ಲ. ಊರವರ ಕೈಗೆ ಉಸ್ತುವಾರಿ ಬರಬೇಕು. ಕುಮಾರಪರ್ವತದ ದಾರಿಯಲ್ಲಿ ಗಿರಿಗದ್ದೆಯ ಭಟ್ಟರ ಮನೆ ಹತ್ತುವವರಿಗೆ ಊಟ ಹಾಕಿಯೇ ಹೆಸರಾದದ್ದು. ಕೃಷಿಕರ ಮನೆ ಅದು. ನಮ್ಮ ಕಡೆ ಒಂದು ಮನೆ ಹಾಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮಜ್ಜಿಗೆ ಕೊಟ್ಟರೆ ಯಾರು ಬೇಡ ಅಂತಾರೆ? ದಾರಿ ತೋರಿಸಲು ದನಗಾಹಿಗಿಂತ ಬಲ್ಲವರು ಇಲ್ಲ. ಅವನಿಗೆ ದಿನಗೂಲಿ ಕೊಡಲಿ.

ಮುಂದಿನ ಗ್ರಾಮಸಭೆಯಲ್ಲಿ ನಾನು ಮೂರು ಮಾತು ಕೇಳುವವನಿದ್ದೇನೆ. ಬೆಟ್ಟದ ಸುತ್ತಿನ ದನದ ದಾರಿ ಎಷ್ಟು ಅಗಲ ಇತ್ತು ಎಂದು ನಕ್ಷೆ ತರಿಸಿ ಅಳೆಯಬೇಕು. ಜಾತ್ರೆಯ ಮಾರನೆ ದಿನವೇ ಕಸ ಎತ್ತಿಸಬೇಕು. ಶಾಲೆ ಮಕ್ಕಳನ್ನು ಮಳೆಗಾಲ ಮುಗಿದ ಮೇಲೆ ಒಮ್ಮೆ, ರಾಗಿ ಕೊಯ್ಲಿನ ನಂತರ ಒಮ್ಮೆ ಬೆಟ್ಟ ಹತ್ತಿಸಿ, ಅವರವರ ಹೊಲವನ್ನು ಅವರೇ ಗುರುತಿಸುವಂತೆ ಮಾಡಬೇಕು. ಖರ್ಚು ಏನೂ ಇಲ್ಲ, ಒಂದೊಂದು ಮಗುವಿಗೆ ಒಂದು ಹಿಡಿ ಹುರಿಗಡಲೆ, ಬೆಲ್ಲ. ಅದನ್ನು ನಾನೇ ಕೊಡುತ್ತೇನೆ.