ಘಾತಾಂಕ ಉರು ಹೊಡೆಯುವ ಪಾಠವಲ್ಲ

ಗೆಳೆಯ ಗೆಳತಿಯರೇ, ಈ ಸಲದ ಗೋಡೆ ಪತ್ರಿಕೆಗೆ ನಾನು ಕಥೆ, ಚುಟುಕ ಬರೆದಿಲ್ಲ. ಏಳನೇ ತರಗತಿಯ ಘಾತಾಂಕ ಪಾಠದ ಬಗ್ಗೆ ನನ್ನ ಅಭಿಪ್ರಾಯ ಬರೆದಿದ್ದೇನೆ. ಗಣಿತ ಅಂದ ಕೂಡಲೇ ಪಕ್ಕದ ಹಾಳೆಗೆ ಹೋಗಬೇಡಿ, ಇದರಲ್ಲಿ ಚೌಕಾಬಾರವೂ ಬರುತ್ತದೆ.

ನಮ್ಮಲ್ಲಿ ಬಹಳ ಜನ ಈ ಪಾಠವನ್ನು ಪದ್ಯದ ಹಾಗೆ ಒಪ್ಪಿಸುತ್ತಾರೆ. ಗುಣಾಕಾರ ಬಂದರೆ ಕೂಡು, ಭಾಗಾಕಾರ ಬಂದರೆ ಕಳೆ, ಘಾತದ ಮೇಲೆ ಘಾತ ಬಂದರೆ ಗುಣಿಸು, ಸೊನ್ನೆ ಇದ್ದರೆ ಒಂದು. ಯಾಕೆ ಕೂಡಬೇಕು ಅಂತ ಕೇಳಿದರೆ 'ನಿಯಮ ಹಾಗಿದೆ' ಅಂತಾರೆ. ಪರೀಕ್ಷೆ ದಿನ ಕೂಡೋದು ಯಾವುದಕ್ಕೆ, ಗುಣಿಸೋದು ಯಾವುದಕ್ಕೆ ಅಂತ ಅದಲುಬದಲಾದರೆ ಮುಗೀತು. ಆಮೇಲೆ 'ನನ್ನ ತಲೆಗೆ ಲೆಕ್ಕ ಹತ್ತೋದಿಲ್ಲ' ಅಂತ ತಾವೇ ತೀರ್ಮಾನ ಮಾಡಿಕೊಂಡು ಹಿಂದಿನ ಸಾಲಿಗೆ ಹೋಗಿ ಕೂತುಬಿಡ್ತಾರೆ. ಒಂದು ಸಲವೂ ಬಿಡಿಸಿ ಬರೆದು ನೋಡದೆ ಇದ್ದರೆ ಹತ್ತೋದಾದರೂ ಹೇಗೆ?

ಘಾತಾಂಕ ಅಂದರೆ ಎಣಿಕೆ. ಆಧಾರ ಸಂಖ್ಯೆಯನ್ನು ಎಷ್ಟು ಸಲ ಬರೆದು ಗುಣಿಸಬೇಕು ಅಂತ ಅದು ಹೇಳುತ್ತದೆ. 2³ ಅಂದರೆ 2×2×2, ಅಂದರೆ 8. ಈಗ 2³×2⁴ ಬಿಡಿಸಿ ಬರೆಯಿರಿ: (2×2×2)×(2×2×2×2). ಬೆರಳಿಟ್ಟು ಎಣಿಸಿ, ಏಳು ಎರಡುಗಳಿವೆ. ಉತ್ತರ 2⁷, ಅಂದರೆ 128. ಕೂಡುವ ನಿಯಮ ಅಲ್ಲೇ ಸಿಕ್ಕಿತು. (2³)² ಅಂದರೆ 2³×2³, ಆದ್ದರಿಂದ 2⁶. 2⁵÷2² ಬಿಡಿಸಿ ಬರೆದು ಮೇಲೆ ಕೆಳಗೆ ಹೊಡೆದುಹಾಕಿದರೆ ಮೂರು ಎರಡು ಉಳಿಯುತ್ತವೆ. ಆದರೆ 2³×5² ಬಂದರೆ ಘಾತಾಂಕ ಕೂಡೋಕೆ ಆಗೋದಿಲ್ಲ. ಮೂರು ಮೂಟೆ ರಾಗಿ, ಎರಡು ಮೂಟೆ ಕಡಲೆಕಾಯಿ ಇದ್ದರೆ ಐದು ಮೂಟೆ ರಾಗಿ ಅಂತ ಹೇಳೋಕಾಗುತ್ತಾ? 2³+2⁴ ಕೂಡ 2⁷ ಆಗೋದಿಲ್ಲ. 8ಕ್ಕೆ 16 ಕೂಡಿ ನೋಡಿ, 24 ಬರುತ್ತದೆ.

ಸೊನ್ನೆಯದು ಮಾತ್ರ ನಿಜವಾಗಲೂ ಕಷ್ಟ. 2⁰=1 ಅಂದರೆ ನಂಬೋಕೆ ಆಗೋದಿಲ್ಲ, ಸೊನ್ನೆ ತಾನೇ ಬರಬೇಕು ಅನ್ನಿಸುತ್ತದೆ. ಅದಕ್ಕೇ ಚೌಕಾಬಾರ. ಕವಡೆ ಇಲ್ಲದಿದ್ದರೆ ಹುಣಸೆ ಬೀಜದ ಒಂದು ಮಗ್ಗುಲು ತೇದು ಬಿಳಿ ಮಾಡಿಕೊಳ್ತೀವಲ್ಲ, ಅದೇ ಬೀಜ ತಗೊಳ್ಳಿ. ಒಂದು ಬೀಜ ಬಿಳಿಯಾಗಿ ಬೀಳಬಹುದು, ಕಪ್ಪಾಗಿ ಬೀಳಬಹುದು, ಎರಡು ವಿಧ. ನಾಲ್ಕು ಬೀಜಕ್ಕೆ ಬೇರೆ ಬೇರೆ ಗುರುತಿಟ್ಟು ಎಣಿಸಿದರೆ 2×2×2×2, ಅಂದರೆ 2⁴, ಹದಿನಾರು ವಿಧ. ನಾಲ್ಕೂ ಬಿಳಿ ಬಿದ್ದು ಚೌಕ ಆಗೋದು ಒಂದೇ ವಿಧ. ನಾಲ್ಕೂ ಕಪ್ಪು ಬಿದ್ದು ಬಾರ ಆಗೋದೂ ಒಂದೇ ವಿಧ. ಎರಡು ಬೀಳೋಕೆ ಆರು ವಿಧ ಇದೆ. ಬೇಡ ಅಂದರೂ ಎರಡೇ ಬೀಳೋದು, ಬಾರ ಹಾಕಿದವರು ಅಷ್ಟು ಕೂಗಾಡೋದು ಇದಕ್ಕೇ ಇರಬೇಕು. ಎರಡು ಸಲ ಹಾಕಿದ್ದನ್ನು ಒಟ್ಟಿಗೆ ಎಣಿಸಿದರೆ 2⁴×2⁴, ಅಂದರೆ 2⁸, 256 ವಿಧ.

ಈಗ ಒಂದೊಂದೇ ಬೀಜ ತೆಗೆಯುತ್ತಾ ಬನ್ನಿ. ನಾಲ್ಕಕ್ಕೆ 16, ಮೂರಕ್ಕೆ 8, ಎರಡಕ್ಕೆ 4, ಒಂದಕ್ಕೆ 2. ಬೀಜ ಕಮ್ಮಿಯಾದಂತೆಲ್ಲಾ ಅರ್ಧ ಆಗ್ತಾ ಬಂತು. ಕೊನೇ ಬೀಜವನ್ನೂ ತೆಗೆದರೆ 2ರ ಅರ್ಧ, 1. ಅಲ್ಲಿ ಸೊನ್ನೆ ಬರುವ ದಾರಿಯೇ ಇಲ್ಲ.

ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ ಏಕ, ದಶ, ಶತ ಅಂತ 24 ಸ್ಥಾನಗಳಿಗೆ ಹೆಸರು ಹೇಳಿದ್ದಾರೆ. ಕೊನೆಯದು ಮಹಾಕ್ಷೋಭ. ಘಾತಾಂಕದಲ್ಲಿ ಅದು 10²³. ಯಾಕೆ 24 ಅಲ್ಲ? ಮೊದಲನೆಯ ಏಕ ಅಂದರೆ 10⁰. ನೋಡಿ, ಅದೇ ಸೊನ್ನೆ ಇಲ್ಲೂ ಬಂತು.

'ಇಷ್ಟೆಲ್ಲಾ ಯಾಕೆ, ಸೂತ್ರ ಬಂದರೆ ಅಂಕ ಬರುತ್ತಲ್ಲ' ಅನ್ನುವವರು ಪಾವಗಡ ತಾಲ್ಲೂಕಿನ ತಿರುಮಣಿ ಕಡೆಯ ಸೋಲಾರ್ ಪಾರ್ಕಿನ ಲೆಕ್ಕ ಮಾಡಲಿ. 2018ರಲ್ಲಿ ಉದ್ಘಾಟನೆಯಾದ ಇದರ ಸಾಮರ್ಥ್ಯ 2050 ಮೆಗಾವ್ಯಾಟ್. ಮೆಗಾ ಅಂದರೆ 10⁶. 2050 ಅಂದರೆ 2.05×10³. ಒಟ್ಟು 2.05×10⁹ ವ್ಯಾಟ್, 205 ಕೋಟಿ. 3ನ್ನೂ 6ನ್ನೂ ಕೂಡುವ ಬದಲು ಗುಣಿಸಿದರೆ 10¹⁸ ಬರುತ್ತದೆ. ಉತ್ತರ ಒಂದೇಟಿಗೆ ನೂರು ಕೋಟಿ ಪಟ್ಟು ಜಾಸ್ತಿ ಆಯ್ತು! ಬಿಡಿಸಿ ಬರೆಯೋಕೆ ಗೊತ್ತಿರುವವರು ಸೊನ್ನೆ ಎಣಿಸಿ ಅಲ್ಲೇ ಹಿಡೀತಾರೆ. ಉರು ಹೊಡೆದವರಿಗೆ ಅನುಮಾನವೂ ಬರೋದಿಲ್ಲ.

ಗುರುಗಳಲ್ಲಿ ನನ್ನ ಕೋರಿಕೆ ಇಷ್ಟೆ. ಮಗ್ಗಿ ಬಾಯಿಪಾಠ ಬೇಕೇ ಬೇಕು, ಅದಕ್ಕೆ ನಾನು ಎದುರಾಡೋದಿಲ್ಲ. ಆದರೆ ಘಾತಾಂಕದ ನಿಯಮಗಳ ಚಾರ್ಟನ್ನು ಮೊದಲ ದಿನವೇ ನೇತುಹಾಕಬೇಡಿ. ಒಂದು ವಾರ ಬಿಡಿಸಿ ಬರೆಸಿ. ಆಮೇಲೆ ಆ ಚಾರ್ಟನ್ನು ನಮ್ಮ ಕೈಯಲ್ಲೇ ಬರೆಸಿ. ಪಾಠ ಮುಗಿಸೋಕೆ ಟೈಮ್ ಸಾಲೋದಿಲ್ಲ ಅಂತ ನೀವು ಹೇಳಬಹುದು, ಅದೂ ನಿಜ. ಹಾಗಾದರೆ ಶನಿವಾರದ ಬೆಳಗಿನ ಶಾಲೆಯಲ್ಲಿ ಒಂದು ಪಿರಿಯಡ್ ಕೊಡಿ ಸಾಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನಲ್ಲಿ ಮಳೆಗೆ ಬರ ಇರಬಹುದು, ಹುಣಸೆ ಬೀಜಕ್ಕೆ ಬರ ಇಲ್ಲ. ಬೀಜ ನಾವೇ ತೇದು ತರ್ತೀವಿ.

– ಏಳನೇ ತರಗತಿ