ಡಾಕ್ಟರು ಒಬ್ಬರಿಂದಲೇ ಆಸ್ಪತ್ರೆ ನಡೆಯುತ್ತದೆಯೇ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಒಂದು ಗಳಿಗೆ ನಿಂತು ನೋಡಿ. ಅರಕಲಗೂಡು, ಆಲೂರು, ಬೇಲೂರು ಕಡೆಯ ಬಸ್ಸುಗಳಿಂದ ತಂದೆ ಮಕ್ಕಳು ಇಳಿಯುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಮಾರ್ಕ್ಸ್ ಕಾರ್ಡು. ಮುಂದೇನು ಎಂದು ಕೇಳಿದರೆ ಹೆಚ್ಚಿನವರದ್ದು ಒಂದೇ ಉತ್ತರ: "ಆದ್ರೆ ಡಾಕ್ಟ್ರು, ಇಲ್ದಿದ್ರೆ ಏನೋ ಒಂದು." ಈ "ಏನೋ ಒಂದು" ಎಂಬ ಮಾತೇ ನಮ್ಮ ಹಳ್ಳಿ ಮಕ್ಕಳನ್ನು ಕೆಡಿಸುತ್ತಿರುವುದು.

ಅಲ್ಲಾ ಸ್ವಾಮಿ, ಆಸ್ಪತ್ರೆ ಎಂದರೆ ಡಾಕ್ಟರು ಮಾತ್ರವೇ? ರಕ್ತ ಪರೀಕ್ಷೆ ಮಾಡುವವರು ಯಾರು? ಎಕ್ಸರೇ ತೆಗೆಯುವವರು, ಡಯಾಲಿಸಿಸ್ ಯಂತ್ರ ನಡೆಸುವವರು, ಔಷಧಿ ಕೊಡುವವರು, 108 ಗಾಡಿಯೊಳಗೆ ರೋಗಿಯ ಪಕ್ಕ ಕೂತು ಬರುವವರು ಯಾರು? 2021ರಲ್ಲಿ ಸಂಸತ್ತು ಒಪ್ಪಿದ ಆರೋಗ್ಯ ವೃತ್ತಿಪರರ ಕಾನೂನಿನಲ್ಲಿ ಇಂಥ 50ಕ್ಕೂ ಹೆಚ್ಚು ವೃತ್ತಿಗಳ ಪಟ್ಟಿಯಿದೆ. ಅದೇ ವರ್ಷ ಕೊರೋನಾ ಎರಡನೇ ಅಲೆಯಲ್ಲಿ ದೇಶದ ಎಷ್ಟೋ ಕಡೆ ವೆಂಟಿಲೇಟರು ಬಂದಿತ್ತು, ನಡೆಸುವ ಕೈ ಇರಲಿಲ್ಲ. ಆ ಪಾಠವನ್ನು ಇಷ್ಟು ಬೇಗ ಮರೆತೆವೇ?

ಮುಖ್ಯ ವಿಷಯ ಇದು. ಬಾಗಿಲು ಮುಚ್ಚುವುದು ಪಿಯುಸಿ ಮುಗಿದ ಮೇಲಲ್ಲ, ಪಿಯುಸಿ ಸೇರುವ ದಿನವೇ. ಹತ್ತಿರದ ಕಾಲೇಜಿನಲ್ಲಿ ಸೈನ್ಸ್ ಇಲ್ಲವೆಂದೋ, ಗೆಳತಿ ಸೇರಿದಳೆಂದೋ ಹುಡುಗಿ ಆರ್ಟ್ಸ್ ತೆಗೆದುಕೊಳ್ಳುತ್ತಾಳೆ. ಎರಡು ವರ್ಷ ಕಳೆದ ಮೇಲೆ ಬಿಎಸ್ಸಿ ನರ್ಸಿಂಗ್ ಕೇಳಲು ಹೋದರೆ "ಬಯಾಲಜಿ ಓದಿದೀಯೇನಮ್ಮಾ?" ಎನ್ನುತ್ತಾರೆ. ಡಿ.ಫಾರ್ಮಸಿಗೂ ಸೈನ್ಸೇ ಬೇಕು. ಮೂರು ವರ್ಷದ ಜಿಎನ್‌ಎಂ ನರ್ಸಿಂಗಿಗೆ ಮಾತ್ರ ಆರ್ಟ್ಸ್, ಕಾಮರ್ಸ್ ಓದಿದವರೂ ಸೇರಬಹುದು. ಈ ಮಾತನ್ನು ಆ ಹುಡುಗಿಗೆ ಹತ್ತನೇ ತರಗತಿಯಲ್ಲಿ ಯಾರೂ ಹೇಳಿರುವುದಿಲ್ಲ.

ಹೇಳುವವರಿಲ್ಲದ ಜಾಗಕ್ಕೆ ಏಜೆಂಟ್ ಮಹಾಶಯ ಬರುತ್ತಾನೆ. "ಸೀಟು ನಂದು, ಕೆಲಸ ಗ್ಯಾರಂಟಿ" ಎನ್ನುತ್ತಾನೆ. ತಂದೆ ಹಸು ಮಾರಿ ದುಡ್ಡು ಕಟ್ಟುತ್ತಾನೆ. ಮಾನ್ಯತೆಯಿಲ್ಲದ ಕಡೆ ಎಷ್ಟು ವರ್ಷ ಓದಿದರೂ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಣಿಯಾಗದು. ನೋಂದಣಿ ಇಲ್ಲದವರು ನರ್ಸ್ ಅಲ್ಲ. ಪ್ಯಾರಾಮೆಡಿಕಲ್ ಡಿಪ್ಲೊಮಾಗಳ ಮಾತೂ ಅಷ್ಟೇ. ಎಸ್ಸೆಸ್ಸೆಲ್ಸಿ ಆದವರಿಗೇ ನಮ್ಮ ರಾಜ್ಯದಲ್ಲಿ ಇದಕ್ಕೆ ದಾರಿ ಇತ್ತು, ಹೊಸ ಕಾನೂನು ಬಂದ ಮೇಲೆ ನಿಯಮಗಳು ಬದಲಾಗುವ ಕಾಲ. ಆಯಾ ವರ್ಷದ ಸರ್ಕಾರಿ ಪ್ರಕಟಣೆ ನೋಡದೆ ಒಂದು ರೂಪಾಯಿ ಕೊಡಬೇಡಿ.

ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಡಾಕ್ಟರು, ನರ್ಸ್, ಫಾರ್ಮಸಿಸ್ಟ್ ಇರುವ ತಂಡ ಸರ್ಕಾರಿ ಶಾಲೆಗಳಿಗೆ ಮಕ್ಕಳ ತಪಾಸಣೆಗೆ ಹೋಗುತ್ತದೆ. ಕಣ್ಣು ಹಲ್ಲು ನೋಡಿದ ಮೇಲೆ ಅರ್ಧ ಗಂಟೆ ಒಂಬತ್ತು, ಹತ್ತನೇ ತರಗತಿಯ ಮಕ್ಕಳೆದುರು ಕೂರಲಿ. ತಾವು ಏನು ಓದಿದೆವು, ಎಷ್ಟು ವರ್ಷ, ಎಷ್ಟು ಖರ್ಚಾಯಿತು, ರಾತ್ರಿ ಪಾಳಿ ಎಂದರೇನು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಲಿ. ವರ್ಷಕ್ಕೊಮ್ಮೆ ಹೆಡ್‌ಮಾಸ್ತರರು ಮಕ್ಕಳನ್ನು ತಾಲ್ಲೂಕು ಆಸ್ಪತ್ರೆಯ ಲ್ಯಾಬಿಗೆ ಕರೆದುಕೊಂಡು ಹೋಗಲಿ. ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಅದರ ಗೇಟು ನಮ್ಮ ಶಾಲೆಯ ಮಕ್ಕಳಿಗೂ ಒಂದು ದಿನ ತೆರೆಯಲಿ.

ಮೇಷ್ಟ್ರುಗಳಿಗೂ ಒಂದು ಮಾತು. ಗ್ರಾಂ, ಮಿಲಿಗ್ರಾಂ ಲೆಕ್ಕವನ್ನು ಬರೀ ಪರೀಕ್ಷೆಗೆಂದು ಕಲಿಸಬೇಡಿ. ದಶಾಂಶದ ಚುಕ್ಕೆ ಒಂದು ಮನೆ ಆಚೀಚೆಯಾದರೆ ಔಷಧಿ ಹತ್ತು ಪಟ್ಟು ಹೆಚ್ಚಾಗುತ್ತದೆ. ಮಾತ್ರೆಯ ಚೀಟಿ ಓದುವಷ್ಟು ಇಂಗ್ಲಿಷು, ಸೋಪು ಹಚ್ಚಿ ಕೈ ತೊಳೆಯುವ ಶಿಸ್ತು, ಮುದುಕರ ಮಾತು ಕೇಳುವ ತಾಳ್ಮೆ, ಇವೂ ಹೈಸ್ಕೂಲಿನಲ್ಲೇ ಬರಬೇಕಾದ ವಿದ್ಯೆ.

ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ಜಿಲ್ಲಾ ಆರೋಗ್ಯಾಧಿಕಾರಿಗಳು ಒಂದು ಮೇಜಿನ ಸುತ್ತ ಕೂತರೆ ಒಂದೇ ಸುತ್ತೋಲೆಯಲ್ಲಿ ಮುಗಿಯುವ ಕೆಲಸ ಇದು. ಬರುವ ಜೂನ್ ಒಳಗೆ ಆ ಸುತ್ತೋಲೆ ಹೊರಡಲಿ. ಇಲ್ಲವಾದರೆ ನಾಳೆ ನಮಗೆ ಸೂಜಿ ಚುಚ್ಚಲು ಯಾರೂ ಇಲ್ಲ ಎಂದು ಗೊಣಗುವ ಹಕ್ಕು ನಮಗಿರುವುದಿಲ್ಲ.