ಬೆನ್ನು ನೋವಿಗೆ ಕಾನೂನಿನಲ್ಲಿ ಜಾಗವಿಲ್ಲ

ಮದ್ದೂರು, ಮಳವಳ್ಳಿ ಕಡೆ ಪಿಯುಸಿ ಮುಗಿಸಿದ ಹುಡುಗಿ ಮನೆಯಿಂದಲೇ ಓಡಾಡಿಕೊಂಡು ಮಾಡಬಹುದಾದ ಕೆಲಸ ಯಾವುದು ಎಂದರೆ ಮೊದಲು ಬರುವ ಉತ್ತರ ‘ಗಾರ್ಮೆಂಟ್ಸ್’. ಸಂಬಳ ಎಷ್ಟು, ಪಿಎಫ್ ಇದೆಯಾ, ಬಸ್ಸು ಊರೊಳಗೆ ಬರುತ್ತದಾ ಎಂದೆಲ್ಲ ವಿಚಾರಿಸುತ್ತೇವೆ. ಕೂರುವ ಸ್ಟೂಲು ಹೇಗಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ಚಿಕ್ಕಮ್ಮ ಆರು ವರ್ಷ ಹೊಲಿಗೆ ಲೈನಿನಲ್ಲಿ ಕೂತವರು. ಈಗ ನೀರಿನ ಕೊಡ ಎತ್ತುವಾಗ ಬಲಗೈಯನ್ನು ನಂಬುವುದಿಲ್ಲ.

ಹೊಲಿಗೆ ಯಂತ್ರದ ಮೇಜು ಸಾಮಾನ್ಯವಾಗಿ ಎಲ್ಲರಿಗೂ ಒಂದೇ ಎತ್ತರ. ಕುಳ್ಳಗಿದ್ದವರು ಭುಜ ಎತ್ತಿಕೊಂಡು, ಎತ್ತರದವರು ಕತ್ತು ಬಗ್ಗಿಸಿಕೊಂಡು ಹೊಲಿಯಬೇಕು. ಸೂಜಿ ಕಾಣಬೇಕು, ಕಾಲು ಪೆಡಲ್ ಮೇಲಿರಬೇಕು. ಹಾಗಾಗಿ ಒರಗು ಇರುವ ಕುರ್ಚಿ ಕೊಟ್ಟರೂ ಒರಗಲು ಆಗುವುದಿಲ್ಲ. ಇದರಲ್ಲಿ ಭಾರ ಎತ್ತುವ ಮಾತೇ ಇಲ್ಲ. ಅದೇ ಕಾಲರು, ಅದೇ ತಿರುವು, ದಿನಕ್ಕೆ ನೂರಾರು ಸಲ. ಯಾವ ದಿನ ನೋವು ಶುರುವಾಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ.

ಕಾನೂನಿಗೂ ಅದು ಕಾಣುವುದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಒಂದು ಕೆಲಸದ ಸ್ಥಳದ ಸುರಕ್ಷತೆ, ಆರೋಗ್ಯದ್ದು. ಅದರ ರೋಗಗಳ ಪಟ್ಟಿ 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಂತೆಯೇ ಇದೆ: ಸೀಸದ ವಿಷ, ಸಿಲಿಕೋಸಿಸ್, ಶಬ್ದದಿಂದ ಬರುವ ಕಿವುಡು. ಬೆನ್ನು, ಕತ್ತು, ಮಣಿಕಟ್ಟಿನ ನೋವು ಅಲ್ಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2010ರ ಪಟ್ಟಿಯಲ್ಲಿ ಮಣಿಕಟ್ಟಿನ ತೊಂದರೆಗಳನ್ನು ಹೆಸರಿಟ್ಟು ಸೇರಿಸಲಾಗಿದೆ.

ಇದು ಬರೀ ಹೆಸರಿನ ಪ್ರಶ್ನೆಯಲ್ಲ, ದುಡ್ಡಿನದು. ಇಎಸ್‌ಐನಲ್ಲಿ ಕೆಲಸದಿಂದಾದ ತೊಂದರೆ ಎಂದು ಒಪ್ಪಿದರೆ ಕೂಲಿಯ ಶೇ 90ರಷ್ಟು ಸಿಗುತ್ತದೆ. ಸಾಮಾನ್ಯ ಕಾಯಿಲೆ ಎಂದಾದರೆ ಶೇ 70, ಅದೂ ವರ್ಷಕ್ಕೆ 91 ದಿನಕ್ಕೆ ಮಾತ್ರ. ಚಿಕ್ಕಮ್ಮನ ಹಳೆಯ ಚೀಟಿಗಳನ್ನು ತೆಗೆದು ನೋಡಿದೆ. ಗುಳಿಗೆಯ ಹೆಸರಿದೆ, ಅವರು ಮಾಡುತ್ತಿದ್ದ ಕೆಲಸದ ಬಗ್ಗೆ ಒಂದಕ್ಷರ ಇಲ್ಲ.

2023ರಲ್ಲಿ ರಾಜ್ಯ ಸರ್ಕಾರ ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆವರೆಗೂ ದುಡಿಸಿಕೊಳ್ಳಲು ದಾರಿ ಮಾಡಿಕೊಟ್ಟಿತು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಹತ್ತನೆಯ ಗಂಟೆಯ ಭುಜಕ್ಕೆ ವಾರದ ಲೆಕ್ಕ ಗೊತ್ತಾಗುತ್ತದೆಯೇ?

ಪರಿಹಾರ ದುಬಾರಿಯೇನಲ್ಲ. ‘ರೂಲಾ’ ಎಂಬ ವಿಧಾನ 1993ರಲ್ಲಿ ಪ್ರಕಟವಾದದ್ದು. ಅದನ್ನು ರೂಪಿಸುವಾಗ ಪರೀಕ್ಷಿಸಿದವರಲ್ಲಿ ಬಟ್ಟೆ ಹೊಲಿಯುವವರೂ ಇದ್ದರು. ಒಂದು ಹಾಳೆ, ಒಂದು ಪೆನ್ನು ಇದ್ದರೆ ಸಾಕು. ಕತ್ತು, ತೋಳು, ಮಣಿಕಟ್ಟು ಎಷ್ಟು ಬಾಗಿದೆ ಎಂದು ನೋಡಿ ಅಂಕ ಕೊಡುತ್ತಾ ಹೋಗುವುದು. ಎಂಜಿನಿಯರಿಂಗ್ ಓದುವವರು ಪ್ರಾಜೆಕ್ಟಿಗಾಗಿ ಬೆಂಗಳೂರಿಗೆ ಯಾಕೆ ಓಡಬೇಕೋ ತಿಳಿಯದು. ಎತ್ತರ ಬದಲಿಸಬಹುದಾದ ಕುರ್ಚಿ, ತುಸು ಓರೆಯಾದ ಮೇಜು, ಪೆಡಲನ್ನು ಒಂದು ಗೇಣು ಸರಿಸುವುದು, ಗಂಟೆಗೊಮ್ಮೆ ಎರಡು ನಿಮಿಷ ಎದ್ದು ನಿಲ್ಲಲು ಬಿಡುವುದು. ಈ ಕೊನೆಯದೇ ಕಷ್ಟ, ಅದು ಟಾರ್ಗೆಟ್‌ಗೆ ಅಡ್ಡ ಬರುತ್ತದೆ.

ಕೆಲಸಕ್ಕೆ ಸೇರುವವರು ಇಎಸ್‌ಐ ವೈದ್ಯರ ಬಳಿ ‘ಕೈ ನೋವು’ ಎಂದಷ್ಟೇ ಹೇಳಿ ಬರಬೇಡಿ. ಏನು ಕೆಲಸ, ದಿನಕ್ಕೆ ಎಷ್ಟು ಹೊತ್ತು, ಯಾವಾಗಿನಿಂದ ಎಂಬುದನ್ನು ಬರೆಸಿಕೊಳ್ಳಿ. ಇದೂ ಇಎಸ್‌ಐ ಕಾರ್ಡ್ ಇರುವವರಿಗೆ ಮಾತ್ರ. ಇದೇ ತಾಲ್ಲೂಕುಗಳಲ್ಲಿ ದಿನವಿಡೀ ಬಗ್ಗಿ ಕಬ್ಬು ಕಡಿಯುವವರ, ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತು ಪಾಕ ತಿರುವುವವರ ಬೆನ್ನಿಗೆ ಆ ಚೀಟಿಯೂ ಇಲ್ಲ.